ಅಮ್ಮನಿಗೆ ಪೊಟ್ಯಾಸಿಯಂ 6.9 ಬಂದಿತ್ತು. ತಪ್ಪು ಎಳನೀರಿನದಾ, ಮಂಡಿ ನೋವಿನ ಮಾತ್ರೆಯದಾ?

ತಿಪಟೂರು ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 67 ವರ್ಷ. ಶುಗರ್ ಬಂದು 14 ವರ್ಷ ಆಯಿತು. ಬಿಪಿಗೆ ಟೆಲ್ಮಿಸಾರ್ಟಾನ್ 80 ಇದೆ. ಎರಡು ತಿಂಗಳ ಹಿಂದೆ ಕಾಲು ಊದಿಕೊಂಡಿತ್ತು. ಹೃದಯ ಸ್ವಲ್ಪ ದುರ್ಬಲವಾಗಿದೆ ಎಂದು ಹೇಳಿ ಡಾಕ್ಟರು ಸ್ಪೈರೊನೊಲ್ಯಾಕ್ಟೋನ್ 25 ಸೇರಿಸಿದರು. ಊತ ಇಳಿಯಿತು. ನಮಗೆಲ್ಲ ಸಮಾಧಾನ ಆಗಿತ್ತು.

ಆಮೇಲೆ ಮಂಡಿ ನೋವು ಜಾಸ್ತಿ ಆಯಿತು. ಪಕ್ಕದ ಮನೆಯವರಿಗೆ ಒಂದು ಮಾತ್ರೆ ಚೆನ್ನಾಗಿ ಹಿಡಿಸಿತ್ತು. ಅಪ್ಪ ಆ ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್‌ನಿಂದ ಅದನ್ನೇ ತಂದರು. ಏಸಿಕ್ಲೋಫಿನಾಕ್ ಮತ್ತು ಪ್ಯಾರಸಿಟಮಾಲ್ ಎರಡೂ ಸೇರಿದ್ದು. ದಿನಕ್ಕೆ ಎರಡರಂತೆ 18 ದಿನ ತೆಗೆದುಕೊಂಡರು. ನೋವು ಕಮ್ಮಿ ಆಯಿತು, ಆದರೆ ಸುಸ್ತು ಅನ್ನತೊಡಗಿದರು. ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ತೋಟದ ಎಳನೀರು ದಿನಕ್ಕೆ ಎರಡು ಕೊಟ್ಟೆವು. ಬಿಪಿಗೆ ಒಳ್ಳೆಯದು ಎಂದು ಸೋಡಿಯಂ ಕಮ್ಮಿ ಇರುವ ಉಪ್ಪನ್ನು ಬೆಂಗಳೂರಿನಿಂದ ತಂದುಕೊಟ್ಟವಳು ನಾನೇ.

19ನೇ ದಿನ ಬೆಳಿಗ್ಗೆ ಅಮ್ಮನಿಗೆ ಬಚ್ಚಲಿನ ಮಣೆಯಿಂದ ಏಳಲು ಆಗಲಿಲ್ಲ. ಕಾಲು ಮಾತು ಕೇಳುತ್ತಿಲ್ಲ ಅಂದರು. ನಾಡಿ 44 ಇತ್ತು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ 6.9, ಕಿಡ್ನಿ ಸೋಸುವುದು ಕಮ್ಮಿ ಆದರೆ ಏರುವ ಕ್ರಿಯಾಟಿನಿನ್ 2.6. ಮೂರು ತಿಂಗಳ ಹಿಂದೆ ಅದೇ ಕ್ರಿಯಾಟಿನಿನ್ 1.1 ಇತ್ತು. ರಾತ್ರಿಯೆಲ್ಲ ಐಸಿಯು. ಡಯಾಲಿಸಿಸ್‌ವರೆಗೆ ಹೋಗಲಿಲ್ಲ, ದೇವರ ದಯೆ. ನಾಲ್ಕನೇ ದಿನ 4.8 ಆಯಿತು, ಮನೆಗೆ ಕರೆದುಕೊಂಡು ಬಂದೆವು.

ಈಗ ಬಂದವರೆಲ್ಲ "ಎಳನೀರು ಕೊಟ್ಟು ಹೀಗಾಯಿತು" ಎನ್ನುತ್ತಾರೆ. ಅಪ್ಪ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟಿದ್ದಾರೆ. ನಿಜಕ್ಕೂ ಎಳನೀರಿನಿಂದಲೇ ಆಗಿದ್ದಾ? ಮತ್ತೆ ಮಂಡಿ ನೋವು ಬಂದರೆ ಏನು ಕೊಡಬೇಕು?

ಸಾಗರದವನು

ಅಕ್ಕ, ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ದಿನಕ್ಕೆ ಎರಡು ಎಂದರೆ ಜಾಸ್ತಿಯೇ. ನಮ್ಮ ಮಾವನಿಗೆ ಕಿಡ್ನಿ ತೊಂದರೆ ಬಂದಾಗ ಡಾಕ್ಟರ್ ಮೊದಲು ನಿಲ್ಲಿಸಿದ್ದೇ ಅದನ್ನು. ಅಪ್ಪನವರಿಗೆ ಬೇಜಾರಾಗಬಾರದು, ಗೊತ್ತಿಲ್ಲದೆ ಆಗಿದ್ದು.

ಹಾವೇರಿ ಡಾಕ್ಟರ್

ಮೇಡಂ, ಮೊದಲು ನಿಮ್ಮ ತಂದೆಗೆ ಇದನ್ನು ಓದಿ ಹೇಳಿ. ಎಳನೀರು ಒಂದರಿಂದಲೇ ಹೀಗೆ ಆಗುವುದಿಲ್ಲ. ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ದಿನಕ್ಕೆ ಎರಡು ಎಳನೀರು ಅದಕ್ಕೆ ಲೆಕ್ಕವೇ ಅಲ್ಲ. 100 ಮಿ.ಲೀ. ಎಳನೀರಿನಲ್ಲಿ ಸುಮಾರು 250 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ. ಒಂದು ಕಾಯಿಯಲ್ಲಿ 300 ಮಿ.ಲೀ. ಎಂದರೆ 750 ಮಿ.ಗ್ರಾಂ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 3500 ಮಿ.ಗ್ರಾಂ. ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆರೋಗ್ಯವಂತರಲ್ಲಿ ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ.

ನಿಮ್ಮ ಅಮ್ಮನಲ್ಲಿ ಹೊರಗೆ ಹೋಗುವ ದಾರಿಯೇ ಮುಚ್ಚಿತ್ತು. ಹೇಗೆ ಮುಚ್ಚಿತು ಎಂದು ಹೇಳುತ್ತೇನೆ. ನಿಮ್ಮದು ತೋಟದ ಮನೆ, ಆದ್ದರಿಂದ ಡ್ರಿಪ್ ಲೈನಿನ ಲೆಕ್ಕದಲ್ಲೇ ಹೇಳುತ್ತೇನೆ.

ಮೋಟರ್‌ನಿಂದ ಬಂದ ನೀರು ಫಿಲ್ಟರ್‌ಗೆ ಹೋಗುತ್ತದೆ. ಸೋಸಬೇಕಾದರೆ ಒತ್ತಡ ಬೇಕು. ಒಳಬರುವ ಕಡೆ ಒಂದು ವಾಲ್ವ್, ಹೊರಹೋಗುವ ಕಡೆ ಒಂದು ವಾಲ್ವ್ ಇದೆ ಎಂದುಕೊಳ್ಳಿ. ಕಿಡ್ನಿಯ ಪ್ರತಿ ಸಣ್ಣ ಸೋಸುಗದಲ್ಲೂ ಇದೇ ವ್ಯವಸ್ಥೆ. ಒಳಬರುವ ರಕ್ತನಾಳವನ್ನು ತೆರೆದಿಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು. ಹೊರಹೋಗುವ ನಾಳವನ್ನು ಬಿಗಿ ಹಿಡಿಯುವುದು ಆಂಜಿಯೋಟೆನ್ಸಿನ್. ಎರಡೂ ಸೇರಿ ಒತ್ತಡ ಕಾಯುತ್ತವೆ. ಹೃದಯ ದುರ್ಬಲ ಇದ್ದಾಗ, ಮೈಯಲ್ಲಿ ನೀರು ಕಮ್ಮಿ ಆದಾಗ ಕಿಡ್ನಿ ಇವೆರಡನ್ನೇ ನೆಚ್ಚಿಕೊಂಡಿರುತ್ತದೆ.

ಟೆಲ್ಮಿಸಾರ್ಟಾನ್ ಹೊರಗಿನ ವಾಲ್ವನ್ನು ಸಡಿಲ ಮಾಡುತ್ತದೆ. ಅದು ತಪ್ಪಲ್ಲ. ಶುಗರ್ ಇರುವವರ ಕಿಡ್ನಿಯನ್ನು ವರ್ಷಗಟ್ಟಲೆ ಕಾಪಾಡುವುದೇ ಆ ಗುಣ. ಆದರೆ ಏಸಿಕ್ಲೋಫಿನಾಕ್ ಬಂದು ಒಳಗಿನ ವಾಲ್ವನ್ನೂ ಕಿರಿದು ಮಾಡಿತು. ಒಳಗೆ ಬರುವುದು ಕಮ್ಮಿ, ಹೊರಗೆ ಹೋಗುವುದು ಸರಾಗ. ಒತ್ತಡ ಬಿತ್ತು. ಕ್ರಿಯಾಟಿನಿನ್ 1.1ರಿಂದ 2.6ಕ್ಕೆ ಏರಿದ್ದು ಹೀಗೆ.

ಇನ್ನೊಂದು ಸರಪಳಿ ಪೊಟ್ಯಾಸಿಯಂನದು. "ಪೊಟ್ಯಾಸಿಯಂ ಹೊರಗೆ ಹಾಕು" ಎಂದು ಕಿಡ್ನಿಗೆ ಹೇಳುವ ಹಾರ್ಮೋನ್ ಆಲ್ಡೋಸ್ಟೆರೋನ್. ಕಿಡ್ನಿಯಿಂದ ರೆನಿನ್ ಹೊರಟರೆ ಆಂಜಿಯೋಟೆನ್ಸಿನ್ ಹುಟ್ಟುತ್ತದೆ. ಅದು ಹೇಳಿದರೆ ಆಲ್ಡೋಸ್ಟೆರೋನ್ ಬರುತ್ತದೆ. ನೋವಿನ ಮಾತ್ರೆ ರೆನಿನ್ ಅನ್ನೇ ತಗ್ಗಿಸುತ್ತದೆ. ಟೆಲ್ಮಿಸಾರ್ಟಾನ್ ನಡುವಿನ ಕೊಂಡಿ ಬಿಡಿಸುತ್ತದೆ. ಸ್ಪೈರೊನೊಲ್ಯಾಕ್ಟೋನ್ ಕೊನೆಯಲ್ಲಿ ಆಲ್ಡೋಸ್ಟೆರೋನ್ ಕೂರುವ ಜಾಗದಲ್ಲಿ ತಾನೇ ಕೂರುತ್ತದೆ. ಒಂದೇ ಹಗ್ಗವನ್ನು ಮೂರು ಕಡೆ ಕತ್ತರಿಸಿದ ಹಾಗೆ. ಎಳನೀರು, ಆ ಉಪ್ಪು ಎರಡೂ ಬಂದದ್ದು ಆಮೇಲೆ.

ಟೆಲ್ಮಿಸಾರ್ಟಾನ್ ಜೊತೆ ಸ್ಪೈರೊನೊಲ್ಯಾಕ್ಟೋನ್ ಕೊಡುವುದೇ ತಪ್ಪು ಎಂದು ಯಾರೂ ತಿಳಿಯಬೇಡಿ. ಹೃದಯ ದುರ್ಬಲ ಇರುವವರ ಜೀವ ಉಳಿಸುತ್ತದೆ ಎಂದು 1999ರಲ್ಲೇ ದೊಡ್ಡ ಅಧ್ಯಯನವೊಂದು ತೋರಿಸಿತು. ಆದರೆ ಅದಾದ ಮೇಲೆ ಕೆನಡಾದ ಒಂಟಾರಿಯೊದಲ್ಲಿ ಏನಾಯಿತು ನೋಡಿ. ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಬಂದು, ಟೆಲ್ಮಿಸಾರ್ಟಾನ್‌ನ ದಾಯಾದಿಯಂಥ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಯಸ್ಸಾದವರನ್ನು ಲೆಕ್ಕ ಹಾಕಿದರು. ಪೊಟ್ಯಾಸಿಯಂ ಏರಿ ಮತ್ತೆ ಆಸ್ಪತ್ರೆ ಸೇರುವವರು 1994ರಲ್ಲಿ ಸಾವಿರಕ್ಕೆ 2.4 ಇದ್ದರು. 2001ರಲ್ಲಿ ಸಾವಿರಕ್ಕೆ 11 ಆದರು. ಅಷ್ಟರಲ್ಲಿ ಸ್ಪೈರೊನೊಲ್ಯಾಕ್ಟೋನ್ ಬರೆಯುವುದು ಬಹಳ ಹೆಚ್ಚಾಗಿತ್ತು. ಈ ಜೋಡಿ ಕೊಟ್ಟಾಗ ರಕ್ತ ಪರೀಕ್ಷೆ ತಪ್ಪಿಸಬಾರದು ಎನ್ನುವುದು ಇದಕ್ಕೇ. ಶುರು ಮಾಡಿದ ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಮೇಲೆ ಆಗಾಗ. ನಿಮ್ಮ ಅಮ್ಮನಿಗೆ ನಡುವೆ ಒಮ್ಮೆಯಾದರೂ ಪರೀಕ್ಷೆ ಆಗಿತ್ತಾ?

ತಿಪಟೂರು ಮಗಳು

ಇಲ್ಲ ಡಾಕ್ಟ್ರೇ. "15 ದಿನ ಬಿಟ್ಟು ರಕ್ತ ತೋರಿಸಿ" ಎಂದು ಚೀಟಿಯಲ್ಲಿ ಬರೆದಿತ್ತು. ಊತ ಇಳಿಯಿತಲ್ಲ ಎಂದು ನಾವೇ ಹೋಗಲಿಲ್ಲ.

ನಿಮ್ಮ ಉತ್ತರವನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಓದುವಾಗ ಅವರೇ ವಾಲ್ವ್ ತಿರುಗಿಸುವ ಹಾಗೆ ಕೈ ಮಾಡಿ ತೋರಿಸಿದರು. ರಾತ್ರಿ ಊಟ ಮಾಡಿದರು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಔಷಧಿ ಅಂಗಡಿ, ಗೋಕಾಕ

ಅಕ್ಕಾ, 22 ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಖಾಲಿ ಸ್ಟ್ರಿಪ್ ಹಿಡಿದು ಬರುವವರು ದಿನಾ ಬರುತ್ತಾರೆ. "ಮೈಕೈ ನೋವಿಂದು ಕೊಡ್ರಿ" ಅಂತಾರೆ, ಅಷ್ಟೇ. ನಮ್ಮವರೂ ಕೇಳದೆ ಕೊಡುತ್ತಾರೆ, ಸುಳ್ಳು ಹೇಳುವುದಿಲ್ಲ. ನಾನೂ ಮೊದಲು ಕೊಟ್ಟಿದ್ದೇನೆ. ಆರು ವರ್ಷದ ಹಿಂದೆ ಪರಿಚಯದ ಹಿರಿಯರೊಬ್ಬರಿಗೆ ಹೀಗೇ ಕಿಡ್ನಿ ಕೈಕೊಟ್ಟಿತು. ಮಾತ್ರೆ ಹೋಗಿದ್ದು ನನ್ನ ಅಂಗಡಿಯಿಂದಲೇ. ಅವತ್ತಿನಿಂದ 50 ದಾಟಿದವರಿಗೆ "ಬಿಪಿ ಮಾತ್ರೆ ಐತೇನ್ರಿ? ಹೆಸರೇನು?" ಎಂದು ಕೇಳದೆ ನೋವಿನ ಮಾತ್ರೆ ಕೊಟ್ಟಿಲ್ಲ.

ಎಲ್ಲರಿಗೂ ಒಂದು ಗುರುತು ಹೇಳುತ್ತೇನೆ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಔಷಧದ ಹೆಸರು ನೋಡಿ. ಕೊನೆಗೆ "ಸಾರ್ಟಾನ್" ಎಂದಿದ್ದರೆ ಅದು ಡಾಕ್ಟ್ರು ಮೇಲೆ ಹೇಳಿದ ಗುಂಪು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಓಲ್ಮೆಸಾರ್ಟಾನ್. ಕೊನೆಗೆ "ಪ್ರಿಲ್" ಇದ್ದರೆ ಅದರ ದಾಯಾದಿ. ಎನಾಲಪ್ರಿಲ್, ರಾಮಿಪ್ರಿಲ್. ಇವು ಮನೆಯಲ್ಲಿ ಇದ್ದರೆ ಡೈಕ್ಲೋಫಿನಾಕ್, ಏಸಿಕ್ಲೋಫಿನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಎಟೋರಿಕಾಕ್ಸಿಬ್ ಇವನ್ನು ಕೇಳದೆ ತೆಗೆದುಕೊಳ್ಳಬಾರದು. ಎಟೋರಿಕಾಕ್ಸಿಬ್ ಹೊಟ್ಟೆಗೆ ಸ್ವಲ್ಪ ಹಗುರ ಇರಬಹುದು. ಕಿಡ್ನಿಗೆ ಹಗುರ ಅಲ್ಲ.

ಜೋಡಿ ಮಾತ್ರೆಯಲ್ಲಿ ಇನ್ನೊಂದು ಮೋಸ ಆಗುತ್ತದೆ. ಸ್ಟ್ರಿಪ್ ಮೇಲೆ ಪ್ಯಾರಸಿಟಮಾಲ್ ಎಂಬ ಪರಿಚಿತ ಹೆಸರು ಕಂಡು "ಇದು ಜ್ವರದ ಮಾತ್ರೆ ತಾನೆ" ಎಂದು ಜನ ಧೈರ್ಯ ಮಾಡುತ್ತಾರೆ. ಅದರ ಮೇಲೆ ಜ್ವರ ಬಂದರೆ ಬೇರೆ ಪ್ಯಾರಸಿಟಮಾಲ್ ನುಂಗುತ್ತಾರೆ. ಆಗ ಲಿವರ್‌ಗೂ ಭಾರ.

ಕುಮಟಾ ಅಜ್ಜಿಮದ್ದು

ಇದಕ್ಕೇ ನಾನು ಹೇಳುವುದು, ಈ ಇಂಗ್ಲಿಷ್ ಔಷಧಿ ಬೇಡವೇ ಬೇಡ ಎಂದು. ಕೀಲು ನೋವಿಗೆ ನಮ್ಮ ಕಡೆ ಒಳ್ಳೆಯ ಪುಡಿ ಸಿಗುತ್ತದೆ. ಜೊತೆಗೆ ಅತಿಮಧುರದ ಕಷಾಯ. ಅದರಿಂದ ಯಾರಿಗೂ ತೊಂದರೆ ಆಗಿದ್ದು ಕೇಳಿಲ್ಲ.

ಹಾವೇರಿ ಡಾಕ್ಟರ್

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದಕ್ಕೆ ನನ್ನದೂ ಒಪ್ಪಿಗೆ ಇದೆ. ಆದರೆ ಈ ಎರಡು ವಿಷಯದಲ್ಲಿ ಜೋಪಾನ.

ಅತಿಮಧುರದಲ್ಲಿ ಗ್ಲಿಸಿರೈಜಿನ್ ಎಂಬ ಅಂಶ ಇದೆ. ಅದು ಕಿಡ್ನಿಯಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಮೈಯಲ್ಲಿ ಸಹಜವಾಗಿ ಇರುವ ಕಾರ್ಟಿಸಾಲ್, ಆಲ್ಡೋಸ್ಟೆರೋನ್ ಮಾಡುವ ಕೆಲಸವನ್ನು ಮಾಡತೊಡಗುತ್ತದೆ. ಬಿಪಿ ಏರುತ್ತದೆ, ಪೊಟ್ಯಾಸಿಯಂ ಬೀಳುತ್ತದೆ. ಕೆಮ್ಮಿಗೆ ನಾಲ್ಕು ದಿನ ಕುಡಿದರೆ ಏನೂ ಆಗದು. ತಿಂಗಳುಗಟ್ಟಲೆ ದಿನಾ ಕುಡಿದರೆ ಆಗುತ್ತದೆ.

ಇನ್ನು ಹೆಸರು, ಲೇಬಲ್ ಇಲ್ಲದ ಕೀಲು ನೋವಿನ ಪುಡಿಗಳು. ಇಂಥವುಗಳಲ್ಲಿ ಸ್ಟಿರಾಯ್ಡ್, ಡೈಕ್ಲೋಫಿನಾಕ್ ಬೆರೆಸಿದ್ದು ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕಿದೆ. ಎರಡೇ ದಿನಕ್ಕೆ ನೋವು ಮಾಯ ಆದರೆ ಸಂಶಯ ಪಡಿ. ಓದಿ ಪದವಿ ಪಡೆದ ಆಯುರ್ವೇದ ವೈದ್ಯರ ಬಗ್ಗೆ ನಾನು ಈ ಮಾತು ಹೇಳುತ್ತಿಲ್ಲ.

ಲ್ಯಾಬ್ ಹುಡುಗಿ

ನಾನು ಲ್ಯಾಬ್ ಟೆಕ್ನಿಷಿಯನ್. ಒಂದು ಮಾತು ಸೇರಿಸಲೇಬೇಕು. ಪೊಟ್ಯಾಸಿಯಂ ಜಾಸ್ತಿ ಎಂದು ಬಂದ ರಿಪೋರ್ಟೆಲ್ಲ ನಿಜ ಅಲ್ಲ.

ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ 98 ಭಾಗ ಜೀವಕೋಶದ ಒಳಗೇ ಇರುತ್ತದೆ. ನಾವು ಅಳೆಯುವುದು ಹೊರಗಿನ ಚೂರನ್ನು ಮಾತ್ರ. ಕೋಶದ ಗೋಡೆಯಲ್ಲಿರುವ ಪಂಪು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಏಡಿಯ ನರದಲ್ಲಿ ಕಂಡು 1957ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು 1997ರಲ್ಲಿ, 40 ವರ್ಷ ಆದ ಮೇಲೆ. ಓದುವಾಗ ನನಗೆ ಬಹಳ ಇಷ್ಟವಾದ ಪಾಠ ಇದು.

ರಕ್ತ ತೆಗೆಯುವಾಗ ಪಟ್ಟಿ ತುಂಬಾ ಹೊತ್ತು ಬಿಗಿದರೆ, "ಮುಷ್ಟಿ ಹಿಡಿದು ಬಿಡಿ, ಹಿಡಿದು ಬಿಡಿ" ಎಂದು ಮಾಡಿಸಿದರೆ ಸ್ನಾಯುವಿನಿಂದ ಪೊಟ್ಯಾಸಿಯಂ ಹೊರಬರುತ್ತದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ ಕೆಂಪು ಕಣ ಒಡೆಯುತ್ತದೆ. ಹಳ್ಳಿಯ ಕಲೆಕ್ಷನ್ ಸೆಂಟರಿನಿಂದ ಸ್ಯಾಂಪಲ್ ನಾಲ್ಕೈದು ಗಂಟೆ ಬಿಟ್ಟು ಬಂದರೂ ಹಾಗೆಯೇ. ಫ್ರಿಜ್‌ನಲ್ಲಿಟ್ಟರೆ ಒಳ್ಳೆಯದು ಎಂದು ಕೆಲವರು ತಿಳಿದಿದ್ದಾರೆ. ತಣ್ಣಗಾದರೆ ಆ ಪಂಪೇ ನಿಲ್ಲುತ್ತದೆ, ಇನ್ನೂ ಜಾಸ್ತಿ ತೋರಿಸುತ್ತದೆ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇರುವುದು ರಕ್ತ ಹೆಪ್ಪುಗಟ್ಟದಂತೆ ಹಾಕುವ ಪೊಟ್ಯಾಸಿಯಂ ಇಡಿಟಿಎ. ಅದರ ರಕ್ತವನ್ನು ಯಾರಾದರೂ ಕೆಂಪು ಮುಚ್ಚಳದ್ದಕ್ಕೆ ಸುರಿದುಬಿಟ್ಟರೆ ಕತೆ ಮುಗಿಯಿತು. ಪೊಟ್ಯಾಸಿಯಂ ಮೇಲೆ ಹೋಗುತ್ತದೆ, ಕ್ಯಾಲ್ಸಿಯಂ ಪಾತಾಳಕ್ಕೆ ಬೀಳುತ್ತದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ನಡೆದುಕೊಂಡು ಬಂದ ಒಬ್ಬರಿಗೆ 8.2 ಬಂತು. ಕ್ಯಾಲ್ಸಿಯಂ ನೋಡಿ ಸಂಶಯ ಬಂದು ಮತ್ತೆ ರಕ್ತ ತೆಗೆದೆ. 4.4.

ಹಾವೇರಿ ಡಾಕ್ಟರ್

ತುಂಬಾ ಒಳ್ಳೆಯದನ್ನು ಬರೆದಿದ್ದೀರಿ ತಂಗಿ. ಒಂದೇ ಸೇರಿಸುತ್ತೇನೆ. ರಿಪೋರ್ಟ್ ಸುಳ್ಳಿರಬಹುದು ಎಂದು ಯಾರೂ ಮನೆಯಲ್ಲಿ ಕೂರಬೇಡಿ. ಮತ್ತೆ ರಕ್ತ ಕೊಡುವ ಹೊತ್ತಿಗೇ ಇಸಿಜಿ ಆಗಬೇಕು. ಟಿ ಅಲೆ ಗುಡಾರದ ಹಾಗೆ ಚೂಪಾಗಿ ಎದ್ದಿದೆಯಾ, ಗೆರೆ ಅಗಲ ಆಗಿದೆಯಾ ಎಂದು ನೋಡುತ್ತೇವೆ. ಇಸಿಜಿ ಸರಿ ಇದ್ದರೂ ಅಪಾಯ ಇಲ್ಲ ಎಂದಲ್ಲ. ಕೆಲವರಲ್ಲಿ ಅದು ಕೊನೆಯವರೆಗೂ ಏನೂ ತೋರಿಸುವುದಿಲ್ಲ.

ಅಮ್ಮನಿಗೆ ಆ ರಾತ್ರಿ ಏನೆಲ್ಲ ಕೊಟ್ಟರು ಎಂದು ನಿಮಗೆ ಗೊಂದಲ ಇರಬಹುದು. ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟಿರುತ್ತಾರೆ. ಅದು ಪೊಟ್ಯಾಸಿಯಂ ಅನ್ನು ಒಂದು ಚೂರೂ ಇಳಿಸುವುದಿಲ್ಲ. ಹೃದಯದ ಸ್ನಾಯುವಿಗೆ ಕಾವಲು ನಿಲ್ಲುತ್ತದೆ, ಅರ್ಧ ಗಂಟೆಯಿಂದ ಒಂದು ಗಂಟೆ. ಆಮೇಲೆ ಇನ್ಸುಲಿನ್ ಮತ್ತು ಗ್ಲೂಕೋಸ್. ಇನ್ಸುಲಿನ್ ಆ ಪಂಪಿಗೆ ವೇಗ ಕೊಟ್ಟು ಪೊಟ್ಯಾಸಿಯಂ ಅನ್ನು ಕೋಶದ ಒಳಗೆ ತಳ್ಳುತ್ತದೆ. ದಮ್ಮಿಗೆ ಕೊಡುವ ಸಾಲ್ಬುಟಮಾಲ್ ಹಬೆಯೂ ಅದೇ ಕೆಲಸ ಮಾಡುತ್ತದೆ. ಆದರೆ ಇವೆಲ್ಲ ಮನೆಯ ಸಾಮಾನನ್ನು ಅಂಗಳದಿಂದ ಒಳಗೆ ಇಟ್ಟ ಹಾಗೆ. ಕೆಲವು ಗಂಟೆ ಬಿಟ್ಟರೆ ಮತ್ತೆ ಹೊರಗೆ ಬರುತ್ತದೆ. ಮೈಯಿಂದಲೇ ಹೊರಹಾಕಲು ಮೂತ್ರ ಬೇಕು, ಕರುಳಿನಲ್ಲಿ ಹಿಡಿದುಕೊಳ್ಳುವ ಪುಡಿ ಬೇಕು, ಇಲ್ಲದಿದ್ದರೆ ಡಯಾಲಿಸಿಸ್. ರಾತ್ರಿಯೆಲ್ಲ ಎರಡೆರಡು ಗಂಟೆಗೆ ರಕ್ತ ತೆಗೆದು ಅಮ್ಮನ ಕೈ ನೀಲಿ ಆಗಿದ್ದರೆ, ಅದು ಇದಕ್ಕೇ.

ತಿಪಟೂರು ಮಗಳು

ಹೌದು, ಎರಡೂ ಕೈ ನೀಲಿ. ಅವತ್ತು ಸಿಸ್ಟರ್ ಮೇಲೆ ನಾನು ರೇಗಿದ್ದೆ. ಮುಂದಿನ ಸಲ ಚೆಕಪ್‌ಗೆ ಹೋದಾಗ ಅವರನ್ನು ಕಂಡು ಮಾತಾಡಿಸಿ ಬರುತ್ತೇನೆ.

ಮೆಲ್ಬರ್ನ್ ನರ್ಸ್

ನಾನು ಮೂಲತಃ ಚಿಕ್ಕಮಗಳೂರಿನವಳು, ಇಲ್ಲಿ ಎಮರ್ಜೆನ್ಸಿಯಲ್ಲಿ ನರ್ಸ್. ಇದರ ಉಲ್ಟಾ ಕೇಸನ್ನೂ ನೋಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿ ಐಬುಪ್ರೊಫೇನ್ ಮತ್ತು ಕೊಡೀನ್ ಸೇರಿದ ಮಾತ್ರೆ ಮೊದಲು ಚೀಟಿ ಇಲ್ಲದೆ ಸಿಗುತ್ತಿತ್ತು. ಕೊಡೀನ್ ಅಫೀಮಿನ ಜಾತಿಯದು, ಚಟ ಹತ್ತುತ್ತದೆ. ಚಟ ಹತ್ತಿದವರು ದಿನಕ್ಕೆ 20, 30 ಮಾತ್ರೆ ನುಂಗುತ್ತಿದ್ದರು. ಕೊಡೀನ್‌ಗಾಗಿ ನುಂಗಿದ್ದು, ಆದರೆ ಜೊತೆಗೆ ಅಷ್ಟೂ ಐಬುಪ್ರೊಫೇನ್ ಹೊಟ್ಟೆಗೆ ಹೋಯಿತು. ಅಂಥ ಒಬ್ಬ ತಾಯಿಯನ್ನು ಕರೆತಂದಿದ್ದರು. ಕೈ ಎತ್ತಲು ಆಗುತ್ತಿರಲಿಲ್ಲ. ಪೊಟ್ಯಾಸಿಯಂ 1.8. ಜಾಸ್ತಿ ಅಲ್ಲ, ಕಮ್ಮಿ!

ಐಬುಪ್ರೊಫೇನ್ ಬಹಳ ಆದಾಗ ಕಿಡ್ನಿಯ ನಾಳಗಳಿಗೆ ಆಮ್ಲವನ್ನು ಹೊರಹಾಕಲು ಆಗುವುದಿಲ್ಲ, ಅದರ ಜೊತೆ ಪೊಟ್ಯಾಸಿಯಂ ಸೋರಿ ಹೋಗುತ್ತದೆ ಎಂದು ಡಾಕ್ಟರ್ ವಿವರಿಸಿದರು. ಆಸ್ಟ್ರೇಲಿಯಾದಲ್ಲಿ 2018ರ ಫೆಬ್ರವರಿ 1ರಿಂದ ಕೊಡೀನ್ ಇರುವ ಯಾವ ಮಾತ್ರೆಯೂ ಚೀಟಿ ಇಲ್ಲದೆ ಸಿಗುವುದಿಲ್ಲ. ಯುರೋಪಿನ ಔಷಧ ಸಂಸ್ಥೆಯೂ 2022ರಲ್ಲಿ ಇದೇ ಜೋಡಿಯ ಬಗ್ಗೆ ಎಚ್ಚರಿಕೆ ಹೊರಡಿಸಿತು. ಊರಿನಿಂದ ಬರುವವರ ಹತ್ತಿರ ಪೇನ್ ಕಿಲ್ಲರ್ ತರಿಸುವ ನಮ್ಮವರೂ ಇಲ್ಲಿ ಇದ್ದಾರೆ. ದಯವಿಟ್ಟು ಹುಷಾರು.

ಫಾರ್ಮಕಾಲಜಿ ಓದುವವನು

ಇದು ಗೊತ್ತೇ ಇರಲಿಲ್ಲ! ನಮ್ಮ ಪಾಠದಲ್ಲಿ ಪೇನ್ ಕಿಲ್ಲರ್ ಎಂದರೆ ಪೊಟ್ಯಾಸಿಯಂ ಏರುತ್ತದೆ ಎಂದಷ್ಟೇ ಇತ್ತು. ಆಸ್ಪಿರಿನ್‌ನಂಥ ಔಷಧಗಳು ಪ್ರೋಸ್ಟಾಗ್ಲಾಂಡಿನ್ ಹುಟ್ಟುವುದನ್ನು ತಡೆಯುತ್ತವೆ ಎಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ, ನೊಬೆಲ್ ಬಂದದ್ದು 1982ರಲ್ಲಿ. ಅದೇ ಒಂದು ತಡೆಯಿಂದ ನೋವೂ ಹೋಗುತ್ತದೆ, ಹೊಟ್ಟೆಯಲ್ಲಿ ಹುಣ್ಣೂ ಆಗುತ್ತದೆ, ಕಿಡ್ನಿಯ ವಾಲ್ವೂ ಕಿರಿದಾಗುತ್ತದೆ. ಮಾತ್ರೆಗೆ ಮಂಡಿ ಯಾವುದು, ಕಿಡ್ನಿ ಯಾವುದು ಎಂದು ಗೊತ್ತಾಗುವುದಿಲ್ಲ ಅಲ್ವಾ.

ಒಂದು ವಿಷಯ ನನಗೆ ಬಹಳ ಹಿಡಿಸಿತ್ತು. ಬಾರ್ಟರ್ ಸಿಂಡ್ರೋಮ್ ಎಂಬ ಅಪರೂಪದ ಹುಟ್ಟು ಕಾಯಿಲೆ ಇದೆ. ಆ ಮಕ್ಕಳ ಕಿಡ್ನಿಯಲ್ಲಿ ಪ್ರೋಸ್ಟಾಗ್ಲಾಂಡಿನ್ ವಿಪರೀತ, ಪೊಟ್ಯಾಸಿಯಂ ಸೋರುತ್ತಲೇ ಇರುತ್ತದೆ. ಅವರಿಗೆ ಇಂಡೊಮೆಥಾಸಿನ್ ಎಂಬ ನೋವಿನ ಔಷಧವನ್ನೇ ಚಿಕಿತ್ಸೆಯಾಗಿ ಕೊಡುತ್ತಾರೆ. ನಿಮ್ಮ ಅಮ್ಮನಿಗೆ ತೊಂದರೆ ಮಾಡಿದ ಗುಣವೇ ಅಲ್ಲಿ ಮಗುವನ್ನು ಉಳಿಸುತ್ತದೆ.

ಪಶುವೈದ್ಯ, ರಾಮನಗರ

ಈ ಚರ್ಚೆಗೆ ನನ್ನ ಕಡೆಯಿಂದ ಹದ್ದಿನ ಮಾತು. ವಿಷಯಕ್ಕೆ ದೂರದ್ದಲ್ಲ.

ನಮ್ಮ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳಿವೆ. 2012ರಲ್ಲಿ ಅದನ್ನು ರಣಹದ್ದು ಧಾಮ ಎಂದು ಘೋಷಿಸಿದರು. ಒಂದು ಕಾಲಕ್ಕೆ ಭಾರತದಲ್ಲಿ ರಣಹದ್ದುಗಳು ಲಕ್ಷಗಟ್ಟಲೆ ಇದ್ದವು. 1990ರ ದಶಕದಿಂದ ಸಾಯತೊಡಗಿದವು. ಬಿಳಿ ಬೆನ್ನಿನ ಜಾತಿ 2007ರ ಹೊತ್ತಿಗೆ ಸಾವಿರಕ್ಕೆ ಒಂದು ಉಳಿಯುವ ಮಟ್ಟಕ್ಕೆ ಬಂತು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ ಕಾರಣ ಹೊರಬಂತು. ಡೈಕ್ಲೋಫಿನಾಕ್. ದನಕ್ಕೆ ನೋವಿಗೆ ಇಂಜೆಕ್ಷನ್ ಕೊಟ್ಟಿರುತ್ತಾರೆ. ದನ ಸತ್ತರೆ ಹದ್ದು ತಿನ್ನುತ್ತದೆ. ಹದ್ದಿನ ಕಿಡ್ನಿ ಕೆಲವೇ ದಿನದಲ್ಲಿ ನಿಂತುಹೋಗುತ್ತದೆ. ಹೊಟ್ಟೆ ಬಗೆದು ನೋಡಿದರೆ ಕರುಳು, ಲಿವರ್ ಮೇಲೆಲ್ಲ ಸುಣ್ಣ ಬಳಿದ ಹಾಗೆ ಯೂರಿಕ್ ಆಸಿಡ್ ಕೂತಿರುತ್ತದೆ.

2006ರಲ್ಲಿ ಪಶುಗಳಿಗೆ ಡೈಕ್ಲೋಫಿನಾಕ್ ನಿಷೇಧ ಆಯಿತು. ಆದರೆ ಮನುಷ್ಯರ ದೊಡ್ಡ ಬಾಟಲಿಯನ್ನೇ ದನಕ್ಕೆ ಬಳಸುತ್ತಿದ್ದರು. 2015ರಿಂದ ಮನುಷ್ಯರ ಇಂಜೆಕ್ಷನ್‌ಗೆ 3 ಮಿ.ಲೀ.ಯ ಒಂದೇ ಡೋಸು ಎಂದು ಮಾಡಿದರು. 2023ರಲ್ಲಿ ಪಶುಗಳಿಗೆ ಕೀಟೋಪ್ರೊಫೇನ್ ಜೊತೆ ಏಸಿಕ್ಲೋಫಿನಾಕನ್ನೂ ನಿಷೇಧಿಸಿದರು. ದನದ ಮೈಯಲ್ಲಿ ಏಸಿಕ್ಲೋಫಿನಾಕ್ ಡೈಕ್ಲೋಫಿನಾಕ್ ಆಗಿಯೇ ಬದಲಾಗುತ್ತದೆ. ನಿಮ್ಮ ಅಮ್ಮ ನುಂಗಿದ ಮಾತ್ರೆ ಇದೇ ಮನೆತನದ್ದು. ಮನುಷ್ಯನ ಕಿಡ್ನಿ ಹದ್ದಿನದಷ್ಟು ಸೂಕ್ಷ್ಮ ಅಲ್ಲ, ಅದು ಬೇರೆ. ನಾನು ಈಗ ದನಕ್ಕೆ ಮೆಲೋಕ್ಸಿಕಾಮ್ ಮಾತ್ರ ಬರೆಯುತ್ತೇನೆ. ಅದರಿಂದ ಹದ್ದಿಗೆ ತೊಂದರೆ ಇಲ್ಲ.

ತಿಪಟೂರು ಮಗಳು

ಹದ್ದಿನ ಮಾತು ಓದಿ ಅಮ್ಮ ಸುಮ್ನೆ ಕೂತುಬಿಟ್ಟರು. ಅವರ ಚಿಕ್ಕಂದಿನಲ್ಲಿ ದನ ಸತ್ತರೆ ಆಕಾಶ ತುಂಬ ಹದ್ದು ಬರುತ್ತಿದ್ದವಂತೆ.

ಈಗ ನನ್ನ ಎರಡನೇ ಪ್ರಶ್ನೆ. ನೋವಿಗೆ ಏನು ಕೊಡಲಿ? ಇಂಜೆಕ್ಷನ್ ಹಾಕಿಸಿದರೆ ಹೊಟ್ಟೆಗೆ, ಕಿಡ್ನಿಗೆ ತೊಂದರೆ ಇಲ್ಲ ಎಂದು ಚಿಕ್ಕಪ್ಪ ಹೇಳುತ್ತಿದ್ದಾರೆ. ಟ್ರಮಡಾಲ್ ಸುರಕ್ಷಿತ ಎಂದು ಇನ್ನೊಬ್ಬರು.

ಹಾವೇರಿ ಡಾಕ್ಟರ್

ಚಿಕ್ಕಪ್ಪನವರ ಮಾತು ಸರಿಯಲ್ಲ. ಸೂಜಿಯಲ್ಲಿ ಹೋದರೂ ಅದೇ ರಕ್ತ, ಅದೇ ಕಿಡ್ನಿ. ಹೊಟ್ಟೆಗೂ ರಕ್ತದ ಮೂಲಕವೇ ತೊಂದರೆ ಆಗುತ್ತದೆ.

ಅಮ್ಮನಿಗೆ ಮೊದಲ ಆಯ್ಕೆ ಬರೀ ಪ್ಯಾರಸಿಟಮಾಲ್. ಜೋಡಿ ಅಲ್ಲ, ಒಂಟಿ. ಮಂಡಿ ಸವೆತಕ್ಕೆ ಅದರ ಬಲ ಕಮ್ಮಿ, ಪೂರ್ತಿ ನೋವು ಹೋಗುವುದಿಲ್ಲ. ಆದರೆ ಸರಿಯಾದ ಪ್ರಮಾಣದಲ್ಲಿ ಕಿಡ್ನಿಯ ವಾಲ್ವನ್ನು ಮುಟ್ಟುವುದಿಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ವಯಸ್ಸಾದವರಿಗೆ, ತೂಕ ಕಮ್ಮಿ ಇರುವವರಿಗೆ ನಾನು 3 ಗ್ರಾಂ ದಾಟಿಸುವುದಿಲ್ಲ.

ಡೈಕ್ಲೋಫಿನಾಕ್ ಜೆಲ್ ಹಚ್ಚಿದರೆ ಒಂದು ಮಂಡಿಗೆ ಸುಮಾರು ನೂರಕ್ಕೆ 6ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ, ಮಾತ್ರೆಗೆ ಹೋಲಿಸಿದರೆ. ಆದರೂ ಕ್ರಿಯಾಟಿನಿನ್ ಪೂರ್ತಿ ಇಳಿಯುವವರೆಗೆ ಬೇಡ. ಆಮೇಲೆ ಅವರ ಡಾಕ್ಟರನ್ನು ಕೇಳಿ ಹಚ್ಚಿ.

ಟ್ರಮಡಾಲ್ ಪೊಟ್ಯಾಸಿಯಂ ಏರಿಸುವುದಿಲ್ಲ, ನಿಜ. ಆದರೆ ತಲೆ ಸುತ್ತುತ್ತದೆ, ಮಲಬದ್ಧತೆ ಆಗುತ್ತದೆ, ಚಟದ ಅಪಾಯ ಇದೆ. ಶುಗರ್ ಇಳಿಯಬಹುದು. 67 ವರ್ಷದವರು ತಲೆ ಸುತ್ತಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಮಂಡಿ ನೋವೇ ವಾಸಿ ಅನಿಸುತ್ತದೆ. 2018ರಲ್ಲಿ ಸರ್ಕಾರ ಅದನ್ನು ಮಾದಕ ವಸ್ತು ಕಾಯಿದೆಯೊಳಗೆ ತಂದದ್ದು ಸುಮ್ನೆ ಅಲ್ಲ.

ನಾನು ಬಹಳ ನಂಬುವುದು ತೊಡೆಯ ವ್ಯಾಯಾಮವನ್ನು. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹತ್ತು ಎಣಿಸುವುದು, ಇಳಿಸುವುದು. ಬೆಳಿಗ್ಗೆ ಹದಿನೈದು, ಸಂಜೆ ಹದಿನೈದು. ತೊಡೆಯ ಸ್ನಾಯು ಗಟ್ಟಿ ಆದರೆ ಮಂಡಿಯ ಭಾರ ಅದು ಹೊರುತ್ತದೆ. ಆರೇಳು ವಾರ ಬೇಕು. ಮಾತ್ರೆಯಷ್ಟು ಬೇಗ ಆಗುವುದಿಲ್ಲ ಎಂದು ಜನ ಬಿಟ್ಟುಬಿಡುತ್ತಾರೆ, ನನಗೆ ಬಹಳ ಬೇಸರ ಆಗುವುದು ಅಲ್ಲಿಯೇ. ನೆಲದ ಮೇಲೆ, ಮಣೆಯ ಮೇಲೆ ಕೂರುವುದು ಬಿಡಿಸಿ.

ಇನ್ನೊಂದು. ವಾಂತಿ ಭೇದಿ ಶುರುವಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಟೆಲ್ಮಿಸಾರ್ಟಾನ್ ಎರಡು ದಿನ ನಿಲ್ಲಿಸಬೇಕಾ ಎಂದು ಕೇಳಿ. ಮೂತ್ರದ ಸೋಂಕಿಗೆ ಟ್ರೈಮೆಥೊಪ್ರಿಮ್ ಇರುವ ಮಾತ್ರೆ ಬರೆದರೆ ಈ ಕತೆ ಹೇಳಿ. ಅದೂ ಪೊಟ್ಯಾಸಿಯಂ ಏರಿಸುತ್ತದೆ. ಹೃದಯಕ್ಕೆ ಆಸ್ಪಿರಿನ್ 75 ಬರೆದಿದ್ದರೆ ಇದನ್ನೆಲ್ಲ ಓದಿ ಹೆದರಿ ಅದನ್ನು ನಿಲ್ಲಿಸಬೇಡಿ. ಆ ಸಣ್ಣ ಪ್ರಮಾಣದ ಲೆಕ್ಕ ಬೇರೆ.

ಮಂಡ್ಯದ ಗಂಗಮ್ಮನ ಸೊಸೆ

ನಮ್ಮ ಯಜಮಾನರು ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಅಡುಗೆ ವಿಷಯ ನಾನು ಹೇಳುತ್ತೇನೆ ಕಣಮ್ಮ.

ನಾವು ಮಂಡ್ಯದವರು. ಮದ್ದೂರಿನ ಎಳನೀರು ಮನೆ ಮುಂದೆ ಹಾದು ಹೋಗುತ್ತದೆ, ಅವರು ಮುಟ್ಟುವ ಹಾಗಿಲ್ಲ. ಅದಕ್ಕಿಂತ ಕಷ್ಟ ಆಗಿದ್ದು ಬಸ್ಸಾರಿನದು. ಸೊಪ್ಪು ಕಾಳು ಬೇಯಿಸಿ ಬಸಿದರೆ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ ಎಂದು ಡಯಟಿಷಿಯನ್ ಹೇಳಿದರು. ನಾವೋ ಆ ಬಸಿದ ಕಟ್ಟನ್ನೇ ಸಾರು ಮಾಡಿ ಕೊಡುತ್ತಿದ್ದೆವು! ಪಲ್ಯ ನಾವು ತಿನ್ನುತ್ತಿದ್ದೆವು, ಕಟ್ಟು ಅವರಿಗೆ. ಈಗ ತಿರುಗಿಸಿದ್ದೇನೆ. ಸೊಪ್ಪು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಕಟ್ಟು ಅವರ ಪಾಲಿಗೆ ಇಲ್ಲ. ಆಲೂಗಡ್ಡೆ ಸಣ್ಣಗೆ ಹೆಚ್ಚಿ ಬೇಯಿಸಿ ಆ ನೀರು ಚೆಲ್ಲುತ್ತೇನೆ. ಇಡೀ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ. ಧಾರೆಹುಳಿ ಮಾತ್ರ ಕಿಡ್ನಿ ಕೆಟ್ಟವರಿಗೆ ಒಂದು ಹೋಳೂ ಬೇಡ. ಅದರಲ್ಲಿ ಪೊಟ್ಯಾಸಿಯಂ ಅಲ್ಲದೆ ಬೇರೆ ವಿಷ ಇದೆಯಂತೆ, ತಲೆಗೆ ಏರುತ್ತದೆ.

ಆ ಉಪ್ಪು ಮೊದಲು ಮನೆಯಿಂದ ಆಚೆ ಹಾಕು ತಾಯಿ.

ಹಾವೇರಿ ಡಾಕ್ಟರ್

ಉಪ್ಪಿನ ಬಗ್ಗೆ ಅವರು ಹೇಳಿದ್ದು ಸರಿ. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡ್. ನಾಲ್ಕನೇ ಒಂದು ಪಾಲು ಅದಿದ್ದರೆ 5 ಗ್ರಾಂ ಉಪ್ಪಿನಲ್ಲಿ 650 ಮಿ.ಗ್ರಾಂ. ಪೊಟ್ಯಾಸಿಯಂ ಆಯಿತು, ಒಂದು ಎಳನೀರಿಗೆ ಹತ್ತಿರ. ಕಿಡ್ನಿ ಚೆನ್ನಾಗಿದ್ದು ಬಿಪಿ ಇರುವವರಿಗೆ ಅದು ನಿಜಕ್ಕೂ ಒಳ್ಳೆಯದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದ ಅಧ್ಯಯನದಲ್ಲಿ ಪಾರ್ಶ್ವವಾಯುವೂ ಸಾವೂ ಕಮ್ಮಿ ಆದವು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಸಲಹೆ ಮಾಡಿತು. ಕಿಡ್ನಿ ಕಾಯಿಲೆ ಇರುವವರು, ಬೇರೆ ಕಾರಣಕ್ಕೆ ಪೊಟ್ಯಾಸಿಯಂ ಸರಿಯಾಗಿ ಹೊರಹೋಗದವರು, ಗರ್ಭಿಣಿಯರು, ಮಕ್ಕಳು ಇವರನ್ನು ಅದರಿಂದ ಹೊರಗಿಟ್ಟಿತು. ಮೇಡಂ, ನೀವು ಒಳ್ಳೆಯ ಉದ್ದೇಶದಿಂದ ತಂದದ್ದು. ಮನೆಯಲ್ಲಿ ಕಿಡ್ನಿ ಚೆನ್ನಾಗಿರುವ ಉಳಿದ ದೊಡ್ಡವರು ಬಳಸಬಹುದು, ಅಮ್ಮನ ಅಡುಗೆಗೆ ಬೇಡ.

ತಿಪಟೂರು ಮಗಳು

ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಮೂರು ವಾರ ಆಯಿತು. ನಿನ್ನೆ ರಕ್ತ ಕೊಟ್ಟೆವು. ಲ್ಯಾಬಿನಲ್ಲಿ ಮುಷ್ಟಿ ಹಿಡಿಸಲು ಹೋದರು, ಅಮ್ಮನೇ "ಬೇಡಮ್ಮ, ಪೊಟ್ಯಾಸಿಯಂ ನೋಡಬೇಕು" ಅಂದರು. ಪೊಟ್ಯಾಸಿಯಂ 4.5, ಕ್ರಿಯಾಟಿನಿನ್ 1.3. ಟೆಲ್ಮಿಸಾರ್ಟಾನ್ 40ಕ್ಕೆ ಇಳಿಸಿ ಮತ್ತೆ ಶುರು ಮಾಡಿದ್ದಾರೆ. ಸ್ಪೈರೊನೊಲ್ಯಾಕ್ಟೋನ್ ಸದ್ಯಕ್ಕೆ ಇಲ್ಲ, ಊತಕ್ಕೆ ಬೇರೆ ಮಾತ್ರೆ ಕೊಟ್ಟಿದ್ದಾರೆ. ವಾರ ಬಿಟ್ಟು ಮತ್ತೆ ರಕ್ತ. ಈ ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ.

ಅಮ್ಮ ತಿನ್ನುವ ಮಾತ್ರೆಗಳ ಹೆಸರನ್ನೆಲ್ಲ ಅಪ್ಪ ದೊಡ್ಡ ಅಕ್ಷರದಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಮೊನ್ನೆ ಅದೇ ಮೆಡಿಕಲ್‌ಗೆ ಹೋಗಿ ಆ ಚೀಟಿ ತೋರಿಸಿ ಬಂದರು. ಅಂಗಡಿಯವರು ಅದನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡರಂತೆ.

ವ್ಯಾಯಾಮ ಶುರುವಾಗಿದೆ. ಅಮ್ಮ ಕುರ್ಚಿಯಲ್ಲಿ ಕೂತು ಕಾಲು ಚಾಚುತ್ತಾರೆ, ಅಪ್ಪ ಪಕ್ಕದಲ್ಲಿ ನಿಂತು ಹತ್ತರವರೆಗೆ ಎಣಿಸುತ್ತಾರೆ.

ಗಂಗಮ್ಮನವರ ಸೊಸೆಗೆ ಒಂದು ಪ್ರಶ್ನೆ ಉಳಿದಿದೆ. ಅಮ್ಮನಿಗೆ ತಿಂಗಳಿಗೆ ಒಂದೆರಡು ಸಲ ಬಸ್ಸಾರು ತಿನ್ನಬಹುದು ಎಂದು ಡಾಕ್ಟರು ಹೇಳಿದ್ದಾರೆ, ಕಟ್ಟು ಕಮ್ಮಿ ಇರಲಿ ಎಂದು. ನೀವು ಯಜಮಾನರಿಗೆ ಕಟ್ಟಿಲ್ಲದೆ ಸಾರು ಹೇಗೆ ಮಾಡುತ್ತೀರಿ?

ಮಂಡ್ಯದ ಗಂಗಮ್ಮನ ಸೊಸೆ

ಮೊದಲ ನೀರು ಪೂರ್ತಿ ಬಸಿದು ಚೆಲ್ಲು. ಬೆಂದ ಸೊಪ್ಪಿನಲ್ಲಿ ಒಂದು ಹಿಡಿ, ಬೆಂದ ಕಾಳಿನಲ್ಲಿ ಎರಡು ಚಮಚ ತೆಗೆದಿಟ್ಟುಕೋ. ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು ಅದರ ಜೊತೆ ನುಣ್ಣಗೆ ರುಬ್ಬು. ಕಾಯಿ ಸ್ವಲ್ಪವೇ ಸಾಕು. ಹುಣಸೆಹುಳಿ ತೆಳ್ಳಗೆ ಕಿವುಚು. ಹೊಸ ನೀರು ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡು. ಕಟ್ಟಿನ ರುಚಿ ಅಷ್ಟು ಬರುವುದಿಲ್ಲ. ಆದರೆ ಬಿಸಿ ಮುದ್ದೆಗೆ ನಮ್ಮವರು ಎರಡು ಸೌಟು ಹಾಕಿಸಿಕೊಳ್ಳುತ್ತಾರೆ.